ಚೀಲದಕ್ಕ

ಅಂಗಡಿಗೆ ಬಂದವರ ಮುಖವನ್ನು ಚೀಲದಕ್ಕ ಮೊದಲು ನೋಡುತ್ತಿರಲಿಲ್ಲ; ಅವರ ದೃಷ್ಟಿ ಹೋಗುತ್ತಿದ್ದುದು ಬೈಕಿನ ಹಿಂಭಾಗಕ್ಕೆ. ದೂರ ಪ್ರಯಾಣಕ್ಕೆಂದು ಹೇರಿಕೊಂಡು ಬಂದ ಗಂಟನ್ನು ಎರಡೂ ಕೈಯಲ್ಲಿ ಹಿಡಿದು, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಅಲುಗಿಸಿ, ತುಟಿ ಬಿಗಿದು, "ಇಳಿಸಿ" ಎನ್ನುತ್ತಿದ್ದರು. ಇಳಿಸಿ ಬಿಚ್ಚಿ ತೋರಿಸುವವರೆಗೆ ಆ ಅಂಗಡಿಯಲ್ಲಿ ಬೇರೆ ವ್ಯವಹಾರವಿಲ್ಲ.

ಅಂಗಡಿ ಅವರದೂ ಅವರ ಅಣ್ಣನದೂ. ಮುಂದೆ ಗಲ್ಲಾದಲ್ಲಿ ಅಣ್ಣ, ಒಳಗೆ ಹೊಲಿಗೆ ಯಂತ್ರದ ಮುಂದೆ ತಂಗಿ. ಮೊದಲು ಲಾರಿಗಳ ಟಾರ್ಪಾಲು ಹೊಲಿಯುತ್ತಿದ್ದವರು, ದೀರ್ಘ ಸವಾರಿಯ ಉತ್ಸಾಹಿಗಳು ಬರತೊಡಗಿದ ಮೇಲೆ ಬೈಕಿನ ಎರಡೂ ಪಕ್ಕೆಗೆ ತೂಗುವ ಕ್ಯಾನ್ವಾಸ್ ಚೀಲಗಳಿಗೆ ಕೈಹಾಕಿದ್ದರು. ಮೂವತ್ತು ವರ್ಷ ಯಂತ್ರ ತುಳಿದ ಪಾದ ಬೀದಿಯಲ್ಲಿ ನಡೆಯುವಾಗಲೂ ನೆಲವನ್ನು ಒಮ್ಮೆ ಒತ್ತಿಯೇ ಮುಂದಕ್ಕೆ ಹೋಗುತ್ತಿತ್ತು. ಉಳಿಕೆ ತುಂಡುಗಳಲ್ಲಿ ತಾವೇ ಹೊಲಿದುಕೊಂಡ ಒಂಬತ್ತು ಜೇಬಿನ ಖಾಕಿ ಕೋಟನ್ನು ಸೆಖೆಯಲ್ಲೂ ಬಿಚ್ಚಿದವರಲ್ಲ. ಸೀಮೆಸುಣ್ಣ, ಮೇಣದ ಉಂಡೆ, ದಬ್ಬಳ, ಕತ್ತರಿ, ಎಲ್ಲಕ್ಕೂ ಅದರಲ್ಲಿ ನಿಗದಿಯಾದ ಸ್ಥಾನವಿತ್ತು. ಮಾತೂ ದಬ್ಬಳದಂತೆಯೇ, ಗಿಡ್ಡ ಮತ್ತು ನೇರ.

ಒಮ್ಮೆ ಹದಿನೈದು ದಿನದ ಸವಾರಿಗೆ ಹೊರಟ ದಂತವೈದ್ಯರೊಬ್ಬರು ಅಂಗಡಿಯಲ್ಲಿರುವುದರಲ್ಲೇ ಅತಿ ದೊಡ್ಡ ಚೀಲ ಕೇಳಿದರು. ಅಕ್ಕ ನೆಲದ ಮೇಲೆ ಹಾಸಿದ ಟಾರ್ಪಾಲಿನ ಮೇಲೆ ಮೂರು ಜೊತೆ ಬೂಟು, ಒಂದು ದಿಂಬು, ಕೊನೆಗೊಂದು ಇಸ್ತ್ರಿಪೆಟ್ಟಿಗೆ ಪ್ರತ್ಯಕ್ಷವಾದವು.

"ಇದ್ಯಾಕೆ?"

"ನಾಲ್ಕು ಜನರ ಎದುರಿಗೆ ನೀಟಾಗಿ ಕಾಣಬೇಕಲ್ಲಕ್ಕಾ."

"ಮೈತುಂಬಾ ಧೂಳಿರುತ್ತೆ. ಧೂಳಿಗೆ ಇಸ್ತ್ರಿ ಹಾಕ್ತೀರಾ?"

ದಂತವೈದ್ಯರು ಸಣ್ಣ ಚೀಲ ಹಿಡಿದು, ಬೂಟು, ದಿಂಬು, ಇಸ್ತ್ರಿಪೆಟ್ಟಿಗೆಗಳನ್ನು ಮನೆಗೆ ಕಳಿಸಿ ಹೊರಟರು. ಮೊದಲು ದಾರಿ, ಆಮೇಲೆ ಸಾಮಾನು, ಕಟ್ಟಕಡೆಗೆ ಚೀಲ ಎಂಬುದು ಅಕ್ಕನ ಶಾಸ್ತ್ರ. ಜನ ಚೀಲವನ್ನು ಮೊದಲು ಕೊಂಡು, ಅದರ ಹೊಟ್ಟೆ ತುಂಬಿಸಲು ಮನೆಯನ್ನೇ ತಂದು ಸುರಿಯುತ್ತಾರೆ ಎಂದು ಅವರು ಗೊಣಗುತ್ತಿದ್ದರು. ಭಾರವಾದದ್ದು ತಳಕ್ಕೆ, ಹಗುರವಾದದ್ದು ಮೇಲಕ್ಕೆ, ಮಳೆಯಂಗಿ ಕೈಗೆಟಕುವಲ್ಲಿ.

ಇಂಥ ಕಟ್ಟುನಿಟ್ಟಿನವರೂ ಒಮ್ಮೆ ಸಡಿಲವಾದರು. ಸರ್ವೆ ಇಲಾಖೆಯ ನೌಕರನೊಬ್ಬ, ಮುಂದೆ ಡೇರೆಯ ಗಂಟನ್ನೂ ಮೇಲೆ ಬಿಗಿದುಕೊಳ್ಳಲು ಬೇಕಾಗುತ್ತದೆಂದು ಚೀಲದ ಪಟ್ಟಿಗಳನ್ನು ಉದ್ದ ಬಿಡಲು ದುಂಬಾಲು ಬಿದ್ದ. ಎರಡು ಸಲ ಆಗದೆಂದ ಅಕ್ಕ ಮೂರನೆಯ ಸಲ "ಆಯ್ತು" ಎಂದರು. ಉದ್ದ ಪಟ್ಟಿ ಉಳಿದ ಗಿರಾಕಿಗಳಿಗೂ ಹಿಡಿಸಿತು. ಆಮೇಲಿನ ಚೀಲಗಳೆಲ್ಲ ಹಾಗೆಯೇ ತಯಾರಾದವು. ಮೂರು ತಿಂಗಳಾಗಿರಬೇಕು, ಗಾಳಿಗೆ ಬಿಚ್ಚಿದ ಪಟ್ಟಿಯ ತುದಿ ಹಿಂದಿನ ಚಕ್ರಕ್ಕೆ ಸುತ್ತಿಕೊಂಡು, ಚಕ್ರ ಹಿಡಿದುಬಿಟ್ಟು, ಆ ಸರ್ವೆಯವನು ರಸ್ತೆಗೆ ಬಿದ್ದು ತೊಡೆಯ ಮೂಳೆ ಮುರಿದುಕೊಂಡ.

ಆಸ್ಪತ್ರೆಯ ಮಂಚದ ಬಳಿ ಅಕ್ಕ ಕೋಟಿನ ಜೇಬಿಗೆ ಕೈಯಿಟ್ಟು ನಿಂತಿದ್ದರು. ಅವನ ತಾಯಿಯೇ ಸಮಾಧಾನ ಹೇಳಿದರು: "ತಾನೇ ಸರಿಯಾಗಿ ಕಟ್ಟಿಲ್ಲ ಅಂತಾನಮ್ಮಾ. ನೀವೇನು ಮಾಡೋಕಾಗುತ್ತೆ?"

"ಕಟ್ಟೋದು ಮರೆತ್ರೂ ಬೀಳಬಾರದು, ಹಂಗೆ ಹೊಲೀಬೇಕಿತ್ತು. ತಪ್ಪು ನಂದು" ಎಂದರು ಅಕ್ಕ.

ಮರುದಿನ ಬೆಳಿಗ್ಗೆ ಅಣ್ಣ ತಂಗಿಯರ ಜಗಳ ಪಕ್ಕದ ಮನೆಯ ನನಗೂ ಕೇಳಿಸಿತು. ಮಾರಿದ ಚೀಲಗಳನ್ನೆಲ್ಲ ಹುಡುಕಿ ಪಟ್ಟಿ ಕತ್ತರಿಸಿ ಬರುತ್ತೇನೆಂದು ಅಕ್ಕ ಹೊರಟಿದ್ದರು.

"ನಮ್ಮ ಮಾಲು ಕೆಟ್ಟದ್ದು ಅಂತ ನಾವೇ ಡಂಗುರ ಸಾರೋದಾ? ನಿನ್ನ ಕಾಲ ಮೇಲೆ ನೀನೇ ಕಲ್ಲು ಹಾಕ್ಕೋತೀಯಲ್ಲೇ!"

"ಒಬ್ಬರ ಕಾಲು ಆಗಲೇ ಮುರಿದಿದೆ ಅಣ್ಣಾ."

ಚೀಲಗಳು ನಲವತ್ತಮೂರು. ಗಿರಾಕಿಗಳ ಹೆಸರು ಅಕ್ಕನಿಗೆ ನೆನಪಿಲ್ಲ, ಬೈಕುಗಳು ನೆನಪಿದ್ದವು: ಸೈಲೆನ್ಸರ್ ಸೊಟ್ಟಗಾದದ್ದು, ಸೀಟಿಗೆ ಹಸಿರು ಹೊದಿಕೆಯದ್ದು. ಆರು ಭಾನುವಾರ ನನ್ನ ಬೈಕಿನ ಹಿಂದೆ ಕುಳಿತು ಬೀದಿಬೀದಿ ಸುತ್ತಿದರು. ಕೆಲವರು ಕುರ್ಚಿ ಕೊಟ್ಟು ಕೂರಿಸಿದರು, ಕೆಲವರು "ಇಷ್ಟು ದಿನ ನಮ್ಮ ಜೀವದ ಜೊತೆ ಆಟ ಆಡಿದ್ರಾ?" ಎಂದು ರೇಗಿದರು. ಒಬ್ಬರ ಚೀಲ ಇನ್ನೂ ಕಾಗದದ ಸುತ್ತಿನಲ್ಲೇ ಇತ್ತು, ಅಟ್ಟದ ಮೇಲೆ. ಎಲ್ಲರಿಗೂ ಅಕ್ಕನದು ಒಂದೇ ಉತ್ತರ: ನೆಲದ ಮೇಲೆ ಕುಳಿತು ಪಟ್ಟಿ ಕತ್ತರಿಸಿ, ಅಂಚು ಮಡಿಸಿ ಹೊಲಿದು, ತುದಿ ಸಿಕ್ಕಿಸಲು ಒಂದು ಕುಣಿಕೆ ಕೂಡಿಸುವುದು. ಮೂವತ್ತೊಂಬತ್ತು ಚೀಲಗಳು ಹೀಗೆ ಸರಿಯಾದವು. ಪರವೂರಿಗೆ ಹೋದ ಮೂರಕ್ಕೆ ಚಿತ್ರ ಬರೆದು ಪತ್ರ ಹಾಕಿದರು. ಒಂದರ ಸುಳಿವು ಕೊನೆಗೂ ಸಿಗಲಿಲ್ಲ. ಅದರ ಮಾತು ಬಂದರೆ ಅಕ್ಕ ಎದ್ದು ಒಳಗೆ ಹೋಗುತ್ತಿದ್ದರು.

ಅಣ್ಣ ಹೇಳಿದ್ದು ಸುಳ್ಳಾಗಲಿಲ್ಲ. ಸುದ್ದಿ ಹಬ್ಬಿ, ನಾಲ್ಕು ತಿಂಗಳು ಚೀಲ ಕೇಳಿ ಒಂದು ನರಪಿಳ್ಳೆಯೂ ಬರಲಿಲ್ಲ. ಅಕ್ಕ ಮತ್ತೆ ಲಾರಿಯ ಟಾರ್ಪಾಲು ಹೊಲಿದರು.

ವರ್ಷ ಕಳೆದ ಮೇಲೆ ಸರ್ವೆಯವನು ಬಂದ; ಕಾಲು ಕೊಂಚ ಎಳೆಯುತ್ತಿದ್ದ. ತಲೆ ತಗ್ಗಿಸಿಯೇ ಹೇಳಿದ: "ಬೇಜಾರು ಮಾಡ್ಕೋಬೇಡಿ ಅಕ್ಕಾ. ಬಟ್ಟೆ ಚೀಲ ನೋಡಿದ್ರೆ ಈಗಲೂ ಎದೆ ಹೊಡ್ಕೊಳುತ್ತೆ. ತಗಡಿನ ಪೆಟ್ಟಿಗೆ ಹಾಕಿಸೋಣ ಅಂತ. ಹೇಳದೆ ಹೋದ್ರೆ ಸರಿಯಲ್ಲ ಅನ್ನಿಸ್ತು."

ಅಣ್ಣನ ಮುಖ ಇಳಿಯಿತು. ಅಕ್ಕ ಯಂತ್ರ ಬಿಟ್ಟೆದ್ದು, "ನಡೀರಿ, ನಾನೂ ಬರ್ತೀನಿ" ಎಂದು ಅವನೊಡನೆ ಪೆಟ್ಟಿಗೆಯ ಅಂಗಡಿಗೇ ಹೋದರು. ಆ ಅಂಗಡಿಯವನು ಕಕ್ಕಾಬಿಕ್ಕಿಯಾಗಿ ನೋಡುತ್ತಿರಲು ಕುಕ್ಕರಗಾಲಲ್ಲಿ ಕುಳಿತು, ಬೋಲ್ಟುಗಳನ್ನು ತಿರುಗಿಸಿ ನೋಡಿ, ಮುಚ್ಚಳದ ರಬ್ಬರು ಚಿವುಟಿ, ಅವನು ಮೆಚ್ಚಿದ್ದ ಅಗಲದ ಜೋಡಿಯನ್ನು ಪಕ್ಕಕ್ಕೆ ಸರಿಸಿದರು.

"ಹ್ಯಾಂಡಲ್‌ಗಿಂತ ಅಗಲ ಇದ್ರೆ ಸಂದೀಲಿ ನುಗ್ಗುವಾಗ ಅಂದಾಜು ತಪ್ಪುತ್ತೆ. ಈ ಸಣ್ಣ ಜೋಡಿ ತಗೊಳ್ಳಿ. ಎರಡು ಕಡೇನೂ ಸಮ ತೂಕ ತುಂಬಿ."

ಅವನು ಆ ಜೋಡಿಯನ್ನೇ ಹಾಕಿಸಿಕೊಂಡ. ಅಪಘಾತದ ನಂತರದ ಮೊದಲ ಸವಾರಿ, ಹದಿನೆಂಟು ದಿನದ್ದು, ಮುಗಿಸಿ ಸುಖವಾಗಿ ಮರಳಿದ.

"ನಮ್ಮ ಗಿರಾಕೀನ ಕೈಹಿಡಿದು ಅವರ ಅಂಗಡಿಗೆ ಬಿಟ್ಟು ಬಂದೆಯಲ್ಲ" ಎಂದು ಅಣ್ಣ ಪೆಟ್ಟಿಗೆ ಹಾಕಿಸಿದ ದಿನ ಸಂಜೆ ಕೇಳಿದ್ದಕ್ಕೆ ಅಕ್ಕ ದಾರಕ್ಕೆ ಮೇಣ ಎಳೆಯುತ್ತಾ, "ಅವರು ಮತ್ತೆ ಬೈಕು ಹತ್ತಿದ್ರಲ್ಲ ಅಣ್ಣಾ" ಎಂದಷ್ಟೇ ಹೇಳಿದ್ದರು.

ಮಾಡಿದ ವಸ್ತು ಹೊಸ್ತಿಲು ದಾಟಿದೊಡನೆ ತಮ್ಮ ಹೊಣೆಯೂ ದಾಟಿಹೋಯಿತೆಂದು ನೆಮ್ಮದಿಯಾಗಿ ನಿದ್ರಿಸುವ ಕಸುಬುದಾರರು ಲೋಕದಲ್ಲಿ ಹೇರಳ. ಅವರನ್ನು ನಿಂದಿಸುವಂತಿಲ್ಲ, ಎಲ್ಲರಿಗೂ ಸಂಸಾರವಿದೆ. ಆದರೆ ಕಾಣದ ಊರಿನ ಕಾಣದ ತಿರುವಿನಲ್ಲಿ ತನ್ನದೊಂದು ಹೊಲಿಗೆ ಈಗ ಏನು ಮಾಡುತ್ತಿದೆಯೋ ಎಂದು ಕುಳಿತಲ್ಲೇ ಕಳವಳಿಸುವ ಕೆಲವರಿರುತ್ತಾರೆ. ಲಾಭದಲ್ಲಿ ಅವರು ಸದಾ ಹಿಂದೆ, ಒಡನಾಟದಲ್ಲಿ ಕೊಂಚ ಒರಟು. ಅವರ ಹೆಸರು ಕೂಡ ತಿಳಿಯದ ನಾವು, ಅವರ ಆ ಕಳವಳದ ಮೇಲೆಯೇ ಭಾರ ಹಾಕಿ ದೂರದೂರ ಹೋಗಿ ಬರುತ್ತೇವೆ.