ತಿದ್ದಿದ ಅಕ್ಷರ

ಕೈ ನಡುಗುವ ಗುಡಿಗಾರನನ್ನು ಇಟ್ಟುಕೊಂಡು ಸಾಗರದಲ್ಲಿ ಯಾರೂ ಏನೂ ಮಾಡುವುದಿಲ್ಲ. ಕಾಲು ಕುಂಟಾದರೆ ನಡೆಯುತ್ತದೆ. ಕಿವಿ ಕೇಳಿಸದಿದ್ದರೆ ಇನ್ನೂ ಒಳ್ಳೆಯದು, ಗುಡಿಗಾರರ ಸಂಘದ ಶೆಡ್ಡಿನ ಹರಟೆಯಿಂದ ಪಾರಾಗಬಹುದು. ಕೈ ಹೋಯಿತೋ, ಮೂಲೆಯಲ್ಲಿ ಕೂತು ಬೇರೆಯವರು ಕೆತ್ತಿದ ಗಣಪತಿಯ ಹೊಟ್ಟೆಗೆ ಉಪ್ಪುಕಾಗದ ಉಜ್ಜಬೇಕು, ಅಷ್ಟೇ. ಗಿರಿಯಪ್ಪನ ಬಲಗೈ ನಡುಗಲು ಶುರುವಾಗಿ ವರ್ಷದ ಮೇಲಾಗಿತ್ತು. ಹೆಂಡತಿ ಯಮುನಮ್ಮನಿಗೆ ಗೊತ್ತಿತ್ತು, ದೇವರಿಗೆ ಗೊತ್ತಿತ್ತು. ಇಬ್ಬರೂ ಬಾಯಿ ಬಿಟ್ಟಿರಲಿಲ್ಲ.

ಆ ನಡುಕದ ಚಾಳಿಯೇ ವಿಚಿತ್ರ. ಉಳಿ ಹಿಡಿದರೆ ನಿಲ್ಲುತ್ತಿತ್ತು, ಕೆಳಗಿಟ್ಟರೆ ಶುರುವಾಗುತ್ತಿತ್ತು. ಹಾಗಾಗಿ ಗಿರಿಯಪ್ಪ ಶೆಡ್ಡಿನಲ್ಲಿ ಇರುವಷ್ಟು ಹೊತ್ತೂ ಉಳಿ ಬಿಡುತ್ತಿರಲಿಲ್ಲ, ಚಾ ಕುಡಿಯುವಾಗಲೂ ಲೋಟ ಎಡಗೈಗೆ. ಜನ ಅದನ್ನು ಕಸುಬಿನ ಮೇಲಿನ ಭಕ್ತಿ ಎಂದುಕೊಂಡರು. ಜನ ಏನನ್ನು ಬೇಕಾದರೂ ಭಕ್ತಿ ಎಂದುಕೊಳ್ಳುತ್ತಾರೆ. ಆದರೆ ದೀಪಾವಳಿ ಕಳೆದ ಮೇಲೆ ಒಂದು ದಿನ ಉಳಿ ಕೈಯಲ್ಲಿರುವಾಗಲೇ ಬೆರಳು ಕುಪ್ಪಳಿಸಿ, ಸರಸ್ವತಿಯ ವೀಣೆ ಹಿಡಿದ ಬೆರಳೊಂದು ಹಾರಿಹೋಯಿತು. ಮರದಲ್ಲಿ ಗಂಟಿತ್ತು ಎಂದ ಗಿರಿಯಪ್ಪ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಸಂಘದ ಮೇಸ್ತ್ರಿ ಹೂವಯ್ಯ ಆ ಗಂಟನ್ನು ತುಂಬ ಹೊತ್ತು ಹುಡುಕಿದ, ಸಿಗಲಿಲ್ಲ.

ಆಮೇಲೆ ಬಂದವನು ಗಣೇಶಮೂರ್ತಿ. ಹೊಸನಗರದ ಆಚೆ, ನಗರ ಎಂಬ ಊರಿನ ಕಡೆಯವನು, ಬೊಂಬಾಯಿಯಲ್ಲಿ ಗಂಧದ ಸಾಮಾನಿನ ಅಂಗಡಿ ಇಟ್ಟಿದ್ದ. ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ನೀರು ನಿಂತು ಒಂದೆರಡು ವರ್ಷವಾಗಿದ್ದ ಕಾಲ. ಹೊರಗಿನ ಆರ್ಡರು ತರುವವರಿಗೆ ಸಂಘದಲ್ಲಿ ಮಾವನ ಮನೆಯ ಮರ್ಯಾದೆ ಸಿಗುತ್ತಿತ್ತು.

"ಬೊಂಬಾಯಲ್ಲಿ ಜಪಾನಿನೋರೊಬ್ರು ಹೋಟ್ಲು ತೆಗೀತಿದಾರೆ," ಎಂದ ಗಣೇಶಮೂರ್ತಿ. "ಬಾಗಿಲಿಗೆ ಹಾಕೋ ಹಲಗೆ ಗಂಧದ್ದೇ ಆಗ್ಬೇಕಂತೆ. ಅದ್ನೇ ಫೋಟೋ ತೆಗ್ದು ತಟ್ಟೆ ಮೇಲೆ, ಬಿಲ್ಲಿನ ಮೇಲೆ ಎಲ್ಲಾ ಕಡೆ ಹಾಕ್ತಾರೆ. ಹೋಟ್ಲಿನ ಗುರುತು ಅದು. ಅಸಲಿ ಜಪಾನಿ ಅಕ್ಷರ."

"ಅವರು ಮೀನು ಹಸೀದೇ ತಿಂತಾರಂತೆ, ಹೌದಾ?" ಹೂವಯ್ಯ ಕೇಳಿದ.

"ತಿನ್ನೋರು ಅವರು, ನಿಂಗೆಂತ ಮಾರಾಯ?"

ಅವನು ಬಿಚ್ಚಿದ ಕಾಗದದಲ್ಲಿ ಒಂದರ ಕೆಳಗೊಂದು ಮೂರು ಅಕ್ಷರಗಳಿದ್ದವು, ಕುಂಚದಲ್ಲಿ ಬರೆದದ್ದು. ಗಂಧದ ಮರ ಅಗಲಕ್ಕೆ ಸಿಗುವುದಿಲ್ಲ, ಉದ್ದಕ್ಕೆ ಸಿಗುತ್ತದೆ. ಈ ಬರಹ ಗಂಧದ ಹಲಗೆಗೆಂದೇ ಹುಟ್ಟಿದ ಹಾಗಿತ್ತು. ಹೂವಯ್ಯನಿಗೆ ಕೆಲಸವನ್ನು ಬೇರೆಯವರಿಗೆ ಕೊಡುವ ಮನಸ್ಸು. ಗಣೇಶಮೂರ್ತಿ ಮಾತ್ರ ಗಿರಿಯಪ್ಪಣ್ಣನೇ ಮಾಡಲಿ ಎಂದು ಪಟ್ಟು ಹಿಡಿದ. ಅವನು ಹೋದ ಮೇಲೆ ಹೂವಯ್ಯ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಇದೂ ಕೆಟ್ರೆ ನಾನು ಎಂತದೂ ಮಾಡಕಾಗಲ್ಲ, ಗಿರಿಯಪ್ಪಣ್ಣ. ಮುಂದೆ ಉಪ್ಪುಕಾಗದವೇ. ಬೇಜಾರು ಮಾಡ್ಕಬೇಡ," ಎಂದ.

ಗಿರಿಯಪ್ಪನಿಗೆ ಬೇಜಾರಾಗಲಿಲ್ಲ, ಭಯವಾಯಿತು. ಹತ್ತನೇ ವಯಸ್ಸಿಗೆ ಉಳಿ ಹಿಡಿದವನು ಅದನ್ನು ಬಿಟ್ಟು ಬೇರೆ ಏನಾಗಿಯೂ ಬದುಕಿರಲಿಲ್ಲ.

ಆ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತ ಕೂತಾಗ ಅವನಿಗೊಂದು ವಿಷಯ ತಿಳಿಯಿತು. ಬರೆದವರ ಕೈ ನಡುಗಿತ್ತು. ಲಿಪಿ ಬಾರದಿದ್ದರೆ ಏನಂತೆ, ನಡುಕ ಬರುತ್ತಿತ್ತಲ್ಲ. ಮೊದಲ ಅಕ್ಷರದ ಅಡ್ಡಗೆರೆ ಕೊನೆಯಲ್ಲಿ ಅದುರಿತ್ತು. ಎರಡನೆಯದರ ಬಾಲ ಹೋಗಬೇಕಾದ ಕಡೆ ಹೋಗದೆ ಸೊಟ್ಟಗೆ ಇಳಿದಿತ್ತು. ಮೂರನೆಯದರಲ್ಲಂತೂ ಕುಂಚ ನಡುದಾರಿಯಲ್ಲಿ ಸೋತು ನಿಂತು, ಉಸಿರು ತೆಗೆದುಕೊಂಡು, ಮತ್ತೆ ಹೊರಟಿತ್ತು. ಯಾರೋ ಪಾಪದ ಮುದುಕ ಎಂದುಕೊಂಡ ಗಿರಿಯಪ್ಪ. ಒಂದು ಕಾಲಕ್ಕೆ ಒಳ್ಳೆಯ ಬರೆಗಾರನಿರಬೇಕು, ಗೆರೆ ಎತ್ತಿಕೊಳ್ಳುವ ರೀತಿಯಲ್ಲೇ ಗೊತ್ತಾಗುತ್ತದೆ. ಮಾನ ಉಳಿಸಿಕೊಳ್ಳಲು ಬರೆದಿದ್ದಾನೆ, ಮನೆಯವರು ನೋಡದೆ ಕಳಿಸಿದ್ದಾರೆ. ಇನ್ನು ಇದು ಬಾಗಿಲ ಮೇಲೆ ನೇತಾಡಿದರೆ ಬಂದವರೆಲ್ಲ ಅವನ ಕೈಯನ್ನು ನೋಡುತ್ತಾರೆ.

ಗುಡಿಗಾರರಲ್ಲಿ ಒಂದು ರೂಢಿಯಿದೆ. ಒಬ್ಬನ ಉಳಿ ಜಾರಿದ್ದು ಇನ್ನೊಬ್ಬನ ಕಣ್ಣಿಗೆ ಬಿದ್ದರೆ, ಅವನು ಅದನ್ನು ತಿದ್ದಿಬಿಡಬೇಕು, ತಿದ್ದಿದ್ದನ್ನು ಆಡಬಾರದು. ಕೆಲಸ ಯಾರದು ಎಂದು ಕೇಳಿದರೆ ಜಾರಿದವನ ಹೆಸರನ್ನೇ ಹೇಳಬೇಕು. ಗಿರಿಯಪ್ಪನ ತಂದೆ ಎಷ್ಟೋ ಜನರ ತಪ್ಪನ್ನು ಹೀಗೆ ನುಂಗಿದ್ದರು. ಈಗ ಸಮುದ್ರದಾಚೆಯ ಕಸುಬುದಾರನೊಬ್ಬನ ಮಾನ ತನ್ನ ಉಳಿಯ ತುದಿಗೆ ಬಂದು ಕೂತಿದೆ ಎಂದು ಗಿರಿಯಪ್ಪನಿಗೆ ಅನ್ನಿಸಿತು. ಎಷ್ಟೋ ತಿಂಗಳ ಮೇಲೆ ಅವನಿಗೆ ಒಂಟಿತನ ಕಡಿಮೆಯಾದಂತಾಯಿತು.

ಹಿಟ್ಟಿನ ಅಂಟು ಕಾಯಿಸಿ ಕಾಗದವನ್ನು ಹಲಗೆಗೆ ಅಂಟಿಸಿದ. ಅಕ್ಷರದ ಕೆಲಸ ಮಾಡುವುದೇ ಹಾಗೆ, ಕಾಗದದ ಮೇಲಿಂದಲೇ ಕಡಿಯುತ್ತ ಹೋಗುವುದು, ಉಳಿದ ಚೂರನ್ನು ಒದ್ದೆ ಮಾಡಿ ಹೆರೆದು ತೆಗೆಯುವುದು. ಅಂಟಿಸಿದ ಮೇಲೆ ಸೀಸದ ಕಡ್ಡಿ ತೆಗೆದುಕೊಂಡು ಅದುರಿದ ಕಡೆಯೆಲ್ಲ ಗೆರೆಯನ್ನು ನೇರ ಮಾಡಿದ, ಬಾಲಕ್ಕೆ ಸೇರಬೇಕಾದ ಬಾಗನ್ನು ಕೊಟ್ಟ, ಮೂರನೆಯ ಅಕ್ಷರದ ಸುಸ್ತನ್ನು ಒಂದೇ ಎಳೆತದಲ್ಲಿ ಮುಚ್ಚಿದ. ಆಮೇಲೆ ಕೆತ್ತಲು ಕೂತ. ಕೈ ಅವನ ಮಾತು ಕೇಳಿತು. ಯಾಕೆ ಕೇಳಿತೋ, ಕೇಳಿತು. ಹಲಗೆ ಮುಗಿದ ದಿನ ಹೂವಯ್ಯ ಬೆರಳಿನಿಂದ ಅಂಚು ಸವರಿ ನೋಡಿ, "ಗಂಟು ಇರ್ಲಿಲ್ವಾ ಇದ್ರಲ್ಲಿ?" ಎಂದು ನಕ್ಕ. ಗಿರಿಯಪ್ಪನೂ ನಕ್ಕ. ಮನೆಗೆ ಹೋಗಿ, "ಇನ್ನೊಂದೈದು ವರ್ಷ ತೊಂದ್ರೆ ಇಲ್ಲ ಕಣೇ," ಎಂದ. ಯಮುನಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದಳು.

ಹಲಗೆ ಒಯ್ಯಲು ಜಪಾನಿನವರು ತಾವೇ ಬಂದರು, ಜೋಗ ನೋಡಿಕೊಂಡು. ಹೆಸರು ನಿಶಿಮುರಾ. ಗಿರಿಯಪ್ಪನಿಗಿಂತ ಚಿಕ್ಕವರು, ಮಿತಭಾಷಿ, ಬಾಗಿಲಲ್ಲಿ ಶೂ ಬಿಚ್ಚಿಟ್ಟು ಒಳಗೆ ಬಂದಾಗಲೇ ಶೆಡ್ಡಿನವರ ಮನಸ್ಸು ಗೆದ್ದರು. ಹೂವಯ್ಯ ಹಲಗೆಯ ಮೇಲಿನ ಬಟ್ಟೆ ಸರಿಸಿದ.

ನಿಶಿಮುರಾ ನೋಡಿದರು. ಮಂಡಿಯೂರಿ ಹತ್ತಿರದಿಂದ ನೋಡಿದರು. ಮೂರನೆಯ ಅಕ್ಷರದ ಮೇಲೆ ಬೆರಳಿಟ್ಟು ಮೇಲಿಂದ ಕೆಳಕ್ಕೆ ಇಳಿಸಿದರು, ಮತ್ತೆ ಇಳಿಸಿದರು, ಏನೋ ಸಿಗದವರಂತೆ. ಎದ್ದು ಗಣೇಶಮೂರ್ತಿಗೆ ಇಂಗ್ಲಿಷಿನಲ್ಲಿ ಸಣ್ಣದಾಗಿ ಏನೋ ಕೇಳಿದರು.

"ಕಾಗದ ಎಲ್ಲಿ ಅಂತಾರೆ," ಎಂದ ಗಣೇಶಮೂರ್ತಿ.

"ಯಾವ ಕಾಗದ? ಅದ್ರ ಮೇಲೇ ಕಡ್ದಿದ್ದಲ್ವಾ?" ಎಂದ ಗಿರಿಯಪ್ಪ. "ಹೆರೆದಿದ್ದು ಗಂಧದ ಪುಡಿ ಜೊತೆ ಚೀಲಕ್ಕೆ ಹೋಯ್ತು."

ಚೀಲ ತೀರ್ಥಹಳ್ಳಿಯ ಊದುಬತ್ತಿಯವನಿಗೆ ಹೋಗಿ ವಾರಗಳೇ ಆಗಿದ್ದವು. ನಮೂನೆಯ ಕಾಗದವನ್ನು ಸಾಗರದಲ್ಲಿ ಯಾರೂ ವಾಪಸು ಕೇಳಿದ್ದಿಲ್ಲ. ಕೇಳುತ್ತಾರೆಂದು ಗಣೇಶಮೂರ್ತಿಗೂ ಹೊಳೆದಿರಲಿಲ್ಲ. ಅದನ್ನು ಇಂಗ್ಲಿಷಿನಲ್ಲಿ ಹೇಳುವಾಗ ಅವನ ಹಣೆ ಬೆವರಿತು. ಇವರಿಗೆ ಆ ಲಿಪಿ ಗೊತ್ತಿಲ್ಲ, ಏನಾದರೂ ತಪ್ಪಾಗಿದ್ದರೆ ಅದಕ್ಕೇ ಆಗಿರಬೇಕು ಎಂದೂ ಸೇರಿಸಿದ. ನಿಶಿಮುರಾ ಅಲ್ಲವೆಂದು ತಲೆಯಾಡಿಸಿದರು. ಅಕ್ಷರ ತಪ್ಪಿಲ್ಲ, ಇಷ್ಟು ಚೆನ್ನಾದ ಅಕ್ಷರವನ್ನು ತಮ್ಮ ಊರಿನಲ್ಲೂ ಕೆಲವರೇ ಕೆತ್ತಿಯಾರು ಎಂದರು. ಆಮೇಲೆ ನಿಧಾನವಾಗಿ ಸ್ವಲ್ಪ ಹೊತ್ತು ಮಾತಾಡಿದರು.

ಗಣೇಶಮೂರ್ತಿ ಕನ್ನಡದಲ್ಲಿ ಹೇಳುವಾಗ ಯಾರ ಮುಖವನ್ನೂ ನೋಡಲಿಲ್ಲ. "ಬರ್ದಿದ್ದು ಇವರ ತಾಯಿ ಅಂತೆ. ಅವರೂ ಸಣ್ಣ ಹೋಟ್ಲು ನಡೆಸಿದೋರು, ಅದ್ರ ಹೆಸರೇ ಇದು. ಯುದ್ಧದಲ್ಲಿ ಬಾಂಬು ಬಿದ್ದು ಹೋಟ್ಲು, ಮನೆ, ಫೋಟೋ, ಎಲ್ಲಾ ಸುಟ್ಟೋಯ್ತಂತೆ. ಹೋದ್ವರ್ಷ ಹಾಸಿಗೆ ಹಿಡಿದಿದ್ದಾಗ ಇವರೇ ಬೆನ್ನಿಗೆ ಆನಿಸ್ಕೊಂಡು ಕೂರ್ಸಿ ಬರೆಸಿದ್ರಂತೆ. ಆಮೇಲೆ ಹೆಚ್ಚು ದಿನ ಉಳೀಲಿಲ್ಲ. ಅವರ ಕೈಯಿಂದು ಅಂತ ಇದ್ದಿದ್ದು ಅದೊಂದೇ. ಆ ನಡುಕ ಇತ್ತಲ್ಲ, ಅದು ಬೇಕಿತ್ತಂತೆ ಇವರಿಗೆ."

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದರು ಎಂದು ಗುಡಿಗಾರರ ನಡುವೆ ಹಾಸ್ಯ ಮಾಡುವುದುಂಟು. ಅಂದು ಯಾರಿಗೂ ಹಾಸ್ಯ ತೋಚಲಿಲ್ಲ.

ಗಿರಿಯಪ್ಪನ ಕೈಯಲ್ಲಿ ಉಳಿ ಇರಲಿಲ್ಲ. ಅತಿಥಿಗೆ ಕೈ ಮುಗಿಯಲೆಂದು ಕೆಳಗಿಟ್ಟವನು ಮರೆತಿದ್ದ. ಬಲಗೈ ಎಲ್ಲರೆದುರು ಬಡಿದುಕೊಳ್ಳುತ್ತಿತ್ತು. ಹೂವಯ್ಯ ನೋಡಿದ, ಪಕ್ಕದವರು ನೋಡಿದರು. ಗಿರಿಯಪ್ಪ ಅದನ್ನು ಮುಚ್ಚಿಕೊಳ್ಳಲಿಲ್ಲ.

"ಅವ್ರಿಗೆ ಹೇಳು, ಗಣೇಶಮೂರ್ತಿ. ಅಮ್ಮನ ಕೈ ಎಲ್ಲೆಲ್ಲಿ ನಡುಗಿತ್ತು ಅಂತ ನಂಗೊತ್ತು. ಅಳಿಸ್ದೋನು ನಾನೇ ಅಲ್ವಾ. ಒಂದು ಕಾಗದ ಕೊಡಿ, ಹಾಗೇ ಬರ್ದು ಕೊಡ್ತೀನಿ."

ಕಾಗದ ಬಂತು, ಸೀಸದ ಕಡ್ಡಿ ಬಂತು. ಈ ಸಲ ಕಡ್ಡಿ ಹಿಡಿದರೂ ನಡುಕ ನಿಲ್ಲಲಿಲ್ಲ. ನಿಶಿಮುರಾ ಅವನ ಭುಜದ ಮೇಲಿಂದ ಬಾಗಿ ನಿಂತರು. ಅವರ ಉಸಿರು ಕಿವಿಗೆ ತಾಗುತ್ತಿತ್ತು. ಮೊದಲ ಅಡ್ಡಗೆರೆ ಎಲ್ಲಿ ಅದುರಿತ್ತೆಂದು ಗಿರಿಯಪ್ಪನಿಗೆ ಕಣ್ಣಿಗೆ ಕಟ್ಟಿದ ಹಾಗೆ ನೆನಪಿತ್ತು. ಕೈಗೆ ಆ ನೆನಪು ಬೇಕಿರಲಿಲ್ಲ. ಅಲ್ಲಿ ಬರುವ ಮೊದಲೇ ಅದು ಅದುರಿತು, ಅದುರಬೇಕಾದಲ್ಲಿ ಜಾರಿತು, ಸಿಕ್ಕಾಪಟ್ಟೆ ಕುಣಿಯಿತು. ಬಿಡದೆ ಎರಡನೆಯದನ್ನು ಬರೆದ. ಮೂರನೆಯದಕ್ಕೆ ಬಂದಾಗ ಕಾಗದದ ಮೇಲಿದ್ದದ್ದು ಯಾರ ತಾಯಿಯೂ ಅಲ್ಲ, ಸಾಗರದ ಗಿರಿಯಪ್ಪನ ರೋಗ. ನಿಶಿಮುರಾ ಅವನ ಬೆರಳುಗಳ ನಡುವಿನಿಂದ ಕಡ್ಡಿಯನ್ನು ಮೆಲ್ಲಗೆ ತೆಗೆದರು. ಏನೋ ಅಂದರು. ಗಣೇಶಮೂರ್ತಿ ಅದನ್ನು ಕನ್ನಡಕ್ಕೆ ತರಲಿಲ್ಲ.

ಅವರು ಹಲಗೆಯನ್ನು ಕಾರಿಗೆ ಹಾಕಿಸಿಕೊಂಡು ಹೋದರು. ಹೋಗುವಾಗ ಸೊಂಟ ಬಗ್ಗಿಸಿ ಎಲ್ಲರಿಗೂ ನಮಸ್ಕರಿಸಿದರು. ಬೈದಿದ್ದರೆ ಚೆನ್ನಾಗಿತ್ತು.

ದೀಪ ಹಚ್ಚುವ ಹೊತ್ತಿಗೆ ಗಿರಿಯಪ್ಪ ಮನೆಗೆ ಬಂದು ಜಗಲಿಯ ಮೇಲೆ ಕೂತ. ಯಮುನಮ್ಮ ಎಲ್ಲವನ್ನೂ ಕೇಳಿಸಿಕೊಂಡಳು. ನಿಮಗೆ ಹೇಗೆ ಗೊತ್ತಾಗಬೇಕು, ಒಳ್ಳೆಯದಕ್ಕೇ ಮಾಡಿದ್ದಲ್ಲವೇ ಎಂದಳು. ಹೂವಯ್ಯನ ಹತ್ತಿರ ತಾನೇ ಹೋಗಿ ಮಾತಾಡುತ್ತೇನೆ ಎಂದಳು.

"ಹೂವಯ್ಯನ ಮಾತು ಬಿಡು," ಎಂದ ಗಿರಿಯಪ್ಪ. "ಆ ಜಪಾನಿನೋನು ತಾಯೀನ ಒಂದ್ಸಲ ತಾನೇ ಸುಟ್ಟು ಬಂದಿದ್ದ. ಎರಡ್ನೇ ಸಲ ನಾನು ಸುಟ್ಟೆ ಕಣೇ. ಚೆನ್ನಾಗಿ ಕಾಣ್ಲಿ ಅಂತ ಸುಟ್ಟೆ."

ಮರುದಿನ ಗಿರಿಯಪ್ಪ ಶೆಡ್ಡಿಗೆ ಹೋಗಲಿಲ್ಲ. ಕರೆಯಲು ಯಾರೂ ಬರಲಿಲ್ಲ.