ಅಂಚಿನ ಕೆಂಪು

ಹೆಂಡತಿ ಲೋಲಾಕ್ಷಿಯ ಬೊಜ್ಜ, ಅಂದರೆ ಹದಿಮೂರನೆಯ ದಿನದ ಕ್ರಿಯೆ, ಊರಿನಲ್ಲಿ ಮುಗಿಸಿ ನಾನು ದುಬೈಗೆ ಮರಳಿ ಒಂಬತ್ತು ದಿನವಾಗಿತ್ತು. ಕಂಡವರೆಲ್ಲ ನನ್ನ ಮುಖವನ್ನೇ ನೋಡುತ್ತಿದ್ದರು, ಅತ್ತಿದ್ದಾನೋ ಇಲ್ಲವೋ ಅಂತ. ಅತ್ತಿರಲಿಲ್ಲ. ಹಲ್ಲು ಕೀಳುವ ಮೊದಲು ಡಾಕ್ಟರು ಮರಗಟ್ಟುವ ಸೂಜಿ ಚುಚ್ಚುತ್ತಾರಲ್ಲ, ಹಾಗಾಗಿತ್ತು. ಕೆನ್ನೆ ಕಚ್ಚಿಕೊಂಡರೂ ಗೊತ್ತಾಗದು. ‘ಅತ್ತುಬಿಡಿ ಮೋಹನದಾಸರೇ, ಹಗುರಾಗ್ತದೆ’ ಅಂತ ಉಪದೇಶ ಮಾಡಿದವರಿಗೆಲ್ಲ ಎರಡು ಬಿಡಬೇಕು ಅನ್ನಿಸುತ್ತಿತ್ತು. ಅದಕ್ಕೂ ಕೈ ಏಳುತ್ತಿರಲಿಲ್ಲ.

ಕರಾಮದ ನಮ್ಮ ಫ್ಲ್ಯಾಟಿನಲ್ಲಿ ಹದಿನೆಂಟು ವರ್ಷ ಅವಳದ್ದೊಂದು ಕ್ರಮವಿತ್ತು. ಬೆಳಿಗ್ಗೆ ನಾನು ಶೂ ಹಾಕಿಕೊಂಡು ಎದ್ದ ಕೂಡಲೇ ತನ್ನ ಕುಂಕುಮದ ಭರಣಿಯಿಂದ ನನ್ನ ಹಣೆಗೆ ಒಂದು ಬೊಟ್ಟು. ಬೇಡ ಮಾರಾಯ್ತಿ, ಕೆಲಸದಲ್ಲಿ ನಗುತ್ತಾರೆ ಎಂದು ರೇಗಿದರೂ ಬಿಟ್ಟವಳಲ್ಲ. ಈಗ ಅದೇ ಭರಣಿಯಿಂದ ನಾನೇ ಇಟ್ಟುಕೊಳ್ಳುತ್ತೇನೆ. ಭಕ್ತಿ ಗಿಕ್ತಿ ಏನಿಲ್ಲ. ಶೂ ಹಾಕಿದ ಮೇಲೆ ಕೈ ತಾನಾಗಿ ಅಲ್ಲಿಗೆ ಹೋಗುತ್ತದೆ.

ನನ್ನ ಕೆಲಸ ರಾಸ್ ಅಲ್ ಖೋರ್‌ನ ಒಂದು ಗೋದಾಮಿನಲ್ಲಿ. ಸುತ್ತ ಕಾರು ರಿಪೇರಿಯ ಗ್ಯಾರೇಜುಗಳು. ನಡುವೆ ನಮ್ಮದೊಂದು ತಣ್ಣಗಿನ ಕೋಣೆ. ಪ್ರದರ್ಶನಗಳಿಗೆ ಬರುವ ಚಿತ್ರಗಳು, ಹಳೆಯ ವಸ್ತುಗಳು ಇಲ್ಲಿಂದಲೇ ಪ್ಯಾಕ್ ಆಗಿ ಹೋಗುವುದು. ನನ್ನ ಜೋಡಿ ಬಂಟ್ವಾಳದ ಇಗ್ನೇಶಿಯಸ್. ನಾನು ಪೆಟ್ಟಿಗೆ ಬಿಚ್ಚುತ್ತೇನೆ, ಕಟ್ಟುತ್ತೇನೆ. ಅವನು ಪೆಟ್ಟಿಗೆಗಳ ಮೇಲೆ ಕೆಂಪು ಮಾರ್ಕರಿನಿಂದ ಬಾಣ, ನಂಬರು ಬರೆಯುತ್ತಾನೆ. ಇಲ್ಲೇ ತೀರಿಕೊಂಡ ಲೋಲಾಕ್ಷಿಯನ್ನು ಊರಿಗೆ ಕಳಿಸುವ ಕಾಗದಪತ್ರಕ್ಕೆ ಮೂರು ದಿನ ರಜೆ ಹಾಕಿ ನನ್ನ ಜೊತೆ ಓಡಿದವನು ಅವನೇ. ಕೌಂಟರು ಕೌಂಟರಿನಲ್ಲಿ ಗುಮಾಸ್ತರು ಕೇಳಿದ ಹಾಗೆ ಅವಳ ಹೆಸರನ್ನು ಇಂಗ್ಲಿಷಿನಲ್ಲಿ ಒಂದೊಂದೇ ಅಕ್ಷರ ಹೇಳಿ ಬರೆಸಿದ್ದೆ. ಒಂದು ಸಲವೂ ಗಂಟಲು ಕಟ್ಟಿರಲಿಲ್ಲ.

ಆ ವಾರ ಬಂದದ್ದು ಒಂದು ಪುಸ್ತಕ. ಅಬುಧಾಬಿಯಲ್ಲಿ ಮೂರು ತಿಂಗಳ ಪ್ರದರ್ಶನ ಮುಗಿಸಿ ಗ್ರೀಸಿಗೆ ವಾಪಸು ಹೊರಟದ್ದು. ಎಂಟುನೂರು ವರ್ಷ ಹಿಂದೆ ಯಾರೋ ಸನ್ಯಾಸಿ ಚರ್ಮದ ಹಾಳೆಗಳ ಮೇಲೆ ಗ್ರೀಕಿನಲ್ಲಿ ಬರೆದ ಬೈಬಲಿನ ನಾಲ್ಕು ಸುವಾರ್ತೆಗಳಂತೆ. ಅದರ ಜೊತೆಗೆ ಅದನ್ನು ನೋಡಿಕೊಳ್ಳುವ ಎಲೆನಿ ಎಂಬ ಹೆಂಗಸು ಬಂದಿದ್ದಳು. ಹೊರಡುವ ಮೊದಲು ಪುಟಪುಟ ಪರೀಕ್ಷಿಸಿ, ಪ್ರತಿ ಕಲೆಯನ್ನೂ ವರದಿಯಲ್ಲಿ ಬರೆಯುವುದು ಅವಳ ಕೆಲಸ. ಗ್ಲೌಸ್ ಬೇಡ, ಗ್ಲೌಸಿನಲ್ಲಿ ಹಾಳೆಯ ಅಂಚು ಬೆರಳಿಗೆ ಗೊತ್ತಾಗುವುದಿಲ್ಲ, ಸೋಪು ಹಾಕಿ ಕೈ ತೊಳೆದರೆ ಸಾಕು ಎಂದಳು. ನಾನು, ಇಗ್ನೇಶಿಯಸ್ ಇಬ್ಬರೂ ತೊಳೆದೆವು.

ಪೆಟ್ಟಿಗೆಯಿಂದ ಪುಸ್ತಕದ ಡಬ್ಬಿಯನ್ನು ಎತ್ತುವಾಗ ಅದರ ಮೂಲೆ ನನ್ನ ಕಾಲಿಗೆ ತಾಗಿತು. ಮೇಜಿನ ಮೇಲಿಟ್ಟು ಡಬ್ಬಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೆ. ಪುಸ್ತಕಕ್ಕೆ ಕಾಲು ತಾಗಿದರೆ ನಮ್ಮಲ್ಲಿ ಯಾರು ಬಿಡುತ್ತಾರೆ? ಒಂದನೆಯ ಕ್ಲಾಸಿನಿಂದ ಬಂದ ಅಭ್ಯಾಸ. ಮಾಡಿದೆನೆಂಬುದೇ ನನಗೆ ತಿಳಿಯಲಿಲ್ಲ.

ಎಲೆನಿ ಒಂದು ಚಿತ್ರದ ಪುಟ ತೆರೆದಳು. ಸಂತನೊಬ್ಬ ಕುಳಿತು ಬರೆಯುತ್ತಿದ್ದಾನೆ, ಹಿಂದೆಲ್ಲ ಚಿನ್ನದ ಬಣ್ಣ. ಆದರೆ ಅವನಿಗೆ ಮುಖವೇ ಇಲ್ಲ. ನೂರಾರು ವರ್ಷ ಜನ ಮುತ್ತಿಟ್ಟು ಇಟ್ಟು ಮುಖ ಸವೆದುಹೋಗಿದೆ, ಇಡೀ ಪುಸ್ತಕದಲ್ಲಿ ತನಗೆ ಅತ್ಯಂತ ಪ್ರೀತಿಯ ಜಾಗ ಇದೇ ಎಂದಳು. ಇಗ್ನೇಶಿಯಸ್ ಶಿಲುಬೆಯ ಗುರುತು ಮಾಡಿಕೊಂಡು, ತಾನೂ ಒಂದು ಮುತ್ತಿಡಬಹುದೇ ಎಂದು ಕೇಳಿದ. ಪಾಪ, ನಲವತ್ತೈದು ವರ್ಷದ ಗಂಡಸು ಕೇಳುವಾಗ ಕೆಂಪಾಗಿದ್ದ. ಈಗ ಆಗದು ಎಂದು ಅವಳು ಮೆಲ್ಲಗೆ ಹೇಳಿದಳು. ಆಮೇಲೆ ಅವಳು ಫೋಟೋ ತೆಗೆಯುತ್ತಾ ಹೋದ ಹಾಗೆ ನಾವಿಬ್ಬರೂ ಸರದಿಯಲ್ಲಿ ಹಾಳೆಯ ಅಂಚು ಹಿಡಿದೆವು.

ಹನ್ನೊಂದು ಗಂಟೆಗೆ ಅವಳು ಫೋಟೋಗಳನ್ನು ಹಳೆಯದರ ಜೊತೆ ಹೋಲಿಸಿ ನೋಡಿ ನಮ್ಮನ್ನು ಹತ್ತಿರ ಕರೆದಳು. ಚಿತ್ರದ ಪುಟದ ಎದುರಿನ ಹಾಳೆಯ ಅಂಚಿನಲ್ಲಿ ಬೆರಳಗಲ ಕೆಂಪು ಕಲೆ. ಮೂರು ತಿಂಗಳ ಹಿಂದೆ ಇರಲಿಲ್ಲ.

ನಮ್ಮ ಸೂಪರ್‌ವೈಸರ್ ಅಬ್ದುಲ್ ರವೂಫ್ ಓಡಿ ಬಂದರು. ಉಳ್ಳಾಲದವರು, ಒಳ್ಳೆಯವರೇ, ಆದರೆ ಹೆದರಿದರೆ ಬಾಯಿಗೆ ಬಂದದ್ದು ಆಡುವ ಮನುಷ್ಯ. ಕಲೆ ನೋಡಿದರು, ಇಗ್ನೇಶಿಯಸ್‌ನ ಜೇಬಿನ ಕೆಂಪು ಮಾರ್ಕರ್ ನೋಡಿದರು, ಮುತ್ತಿನ ವಿಷಯವೂ ಕಿವಿಗೆ ಬಿತ್ತು. ಇನ್ನೇನು ಬೇಕು?

“ಮೂರು ಗಂಟೆಗೆ ರಿಪೋರ್ಟ್ ಗ್ರೀಸಿಗೆ ಹೋಗ್ತದೆ. ಶಾಯಿ ಅಂತ ಬರೆದ್ರೆ ಖಲಾಸ್, ಇಗ್ನೇಶಿಯಸ್. ಮುಂದಿನ ತಿಂಗಳು ನಿನ್ನ ವೀಸಾ ರಿನ್ಯೂ ಆಗ್ಲಿಕ್ಕಿಲ್ಲ.”

ಕೈ ತೊಳೆದೇ ಮುಟ್ಟಿದ್ದು ಎಂದು ಇಗ್ನೇಶಿಯಸ್ ಎರಡು ಸಲ ಹೇಳಿದ. ಮತ್ತೆ ಜೇಬಿನ ಮಾರ್ಕರ್ ತೆಗೆದು ಅವರ ಕೈಗೆ ಕೊಟ್ಟ.

ನಾನು ಮುಖ ತೊಳೆಯಲು ಹೋದೆ. ಕನ್ನಡಿಯಲ್ಲಿ ನೋಡಿದರೆ ಹಣೆಯ ಬೊಟ್ಟು ಅರ್ಧ ಇಲ್ಲ, ಹುಬ್ಬಿನವರೆಗೆ ಉಜ್ಜಿಹೋಗಿದೆ. ಬಲಗೈ ಬೆರಳಿನ ತುದಿಯಲ್ಲಿ ಕೆಂಪು. ಕಣ್ಣಿಗೊತ್ತಿಕೊಂಡ ಬೆರಳು ಹಣೆಗೆ ತಾಗಿ, ಅದೇ ಬೆರಳು ಹಾಳೆ ಹಿಡಿದಿದೆ. ಎಲ್ಲ ಅರ್ಥವಾಯಿತು. ಹಾಗಿದ್ದೂ ಮುಖ ತೊಳೆಯದೆ ಹಾಗೇ ಹೊರಗೆ ಬಂದೆ, ಬಾಯಿ ಬಿಡಲಿಲ್ಲ. ಮಗಳು ನಿಖಿತಾಳ ಹತ್ತನೆಯ ಕ್ಲಾಸಿನ ಪರೀಕ್ಷೆಗೆ ಎರಡು ತಿಂಗಳಿತ್ತು, ಅವಳ ವೀಸಾ ನನ್ನದರ ಮೇಲೆ ಎಂಬುದೊಂದು ನೆವ. ನಿಜ ಹೇಳಬೇಕೆಂದರೆ ಹೆದರಿಕೆಯೂ ಆಗಲಿಲ್ಲ, ನಾಚಿಕೆಯೂ ಆಗಲಿಲ್ಲ. ಬೇರೆ ಯಾರದ್ದೋ ಸುದ್ದಿ ಓದಿದ ಹಾಗಿತ್ತು.

ಊಟಕ್ಕೆ ಕೂತಾಗ ಇಗ್ನೇಶಿಯಸ್ ಡಬ್ಬಿ ತೆರೆದು ಅದರಲ್ಲಿದ್ದ ಮೀನಿನ ದೊಡ್ಡ ತುಂಡನ್ನು ನನ್ನ ಅನ್ನಕ್ಕೆ ಹಾಕಿದ. ಲೋಲಾಕ್ಷಿ ಹೋದ ಮೇಲೆ ದಿನವೂ ಹಾಗೆ ಮಾಡುತ್ತಿದ್ದ. ತಾನು ಮಾತ್ರ ತಿನ್ನಲಿಲ್ಲ.

“ನಾನು ಕೇಳ್ಬಾರ್ದಿತ್ತು ಮೋಹನಣ್ಣ,” ಎಂದ. “ಮುತ್ತು ಕೊಡ್ಲಿಕ್ಕೆ ಆಸೆ ಪಟ್ಟದ್ದೇ ತಪ್ಪಾಯ್ತು.”

ಎಂಥ ಚಂಡಾಲ ನಾನು! ತಟ್ಟೆ ಬಿಟ್ಟು ಎದ್ದೆ.

ಮೊದಲು ರವೂಫರಿಗೆ ವಿಷಯ ಹೇಳಿದೆ, ಅವರು ತಡೆದರು. ಮಗಳ ಮುಖ ನೋಡಿ ಬಾಯಿ ಮುಚ್ಚಿಕೊಂಡಿರು ಎಂದರು. ನಾನು ನೇರ ತಣ್ಣಗಿನ ಕೋಣೆಗೆ ಹೋಗಿ ಎಲೆನಿಗೆ ನನ್ನ ಹಣೆ ತೋರಿಸಿದೆ, ಬೆರಳು ತೋರಿಸಿದೆ. ಇದು ಶಾಯಿಯಲ್ಲ, ಕುಂಕುಮ ಎಂದೆ. ಪುಸ್ತಕಕ್ಕೆ ಕಾಲು ತಾಗಿದರೆ ನಾವು ಕಣ್ಣಿಗೊತ್ತಿಕೊಳ್ಳುತ್ತೇವೆ ಎಂದು ನನ್ನ ಹರುಕು ಇಂಗ್ಲಿಷಿನಲ್ಲಿ ಮಾಡಿಯೇ ತೋರಿಸಿದೆ. ಅವಳು ನನ್ನ ಬೆರಳನ್ನು ಬೆಳಕಿಗೆ ಹಿಡಿದು ನೋಡಿದಳು. ಪುಡಿಯಾದರೆ ಹೋದೀತು ಎಂದು ಮೃದುವಾದ ಬ್ರಷ್ ತೆಗೆದುಕೊಂಡಳು. ಎರಡು ನಿಮಿಷ ಸಾಕಾಯಿತು. ಕೆಂಪು ಒಂದೊಂದೇ ಕಣವಾಗಿ ಬಿಳಿ ಕಾಗದದ ಮೇಲೆ ಬಿತ್ತು.

ಏನೂ ಇರಲೇ ಇಲ್ಲ ಅನ್ನುವ ಹಾಗಾಯಿತು ನೋಡಿ ಎಂದಳು, ಖುಷಿಯಿಂದ. ಬಾಗಿಲಲ್ಲಿ ನಿಂತಿದ್ದ ಇಗ್ನೇಶಿಯಸ್ ಉಸಿರು ಬಿಟ್ಟ. ನಿನಗೊಂದು ವಾರ್ನಿಂಗ್ ಲೆಟರ್ ಕೊಡಬೇಕಾಗುತ್ತದೆ, ಇನ್ನು ಪುಸ್ತಕ ಮುಟ್ಟಲಿಕ್ಕಿಲ್ಲ, ಅಷ್ಟರಲ್ಲೇ ಮುಗಿಸುತ್ತೇನೆ ಎಂದರು ನನ್ನ ಹಿಂದೆಯೇ ಬಂದಿದ್ದ ರವೂಫರು. ಎಲ್ಲರಿಗೂ ಸಮಾಧಾನ. ನನಗೆ ಮಾತ್ರ ಸಿಟ್ಟು ಬಂತು, ತಿಂಗಳಲ್ಲಿ ಮೊದಲ ಸಲ. ಯಾರ್ಯಾರದೋ ತುಟಿ ತಾಗಿ ಸವೆದದ್ದನ್ನು ಎಂಟುನೂರು ವರ್ಷ ಜೋಪಾನ ಮಾಡುತ್ತಾರೆ, ನನ್ನವಳ ಕುಂಕುಮಕ್ಕೆ ಎರಡೇ ನಿಮಿಷ.

ವರದಿಯಲ್ಲಿ ಹಾನಿಯ ಪಟ್ಟಿಗೆ ಎಲೆನಿ ಇದನ್ನೂ ಸೇರಿಸಬೇಕಿತ್ತು. ಕಲೆ ಹೋದರೂ ಬರೆಯಲೇಬೇಕು, ಅದು ನಿಯಮ, ಆ ಫೈಲು ಪುಸ್ತಕದ ಜೊತೆಗೇ ಇರುತ್ತದೆ ಎಂದಳು. ಮುತ್ತಿನಿಂದ ಮುಖ ಸವೆದಿದೆ ಎಂಬ ಸಾಲಿನ ಕೆಳಗೆ ಕೆಂಪು ಪುಡಿ, ಕುಂಕುಮ, ತೆಗೆಯಲಾಗಿದೆ ಎಂದು ಬರೆದು, ನಿಮ್ಮದೇ ತಾನೇ ಎಂದು ಕೇಳಿದಳು.

ಅಲ್ಲ, ನನ್ನ ಹೆಂಡತಿಯದು ಎಂದೆ. ಭರಣಿ ಅವಳದು.

ಹೆಸರು ಹೇಳಿ, ಬರೆಯುತ್ತೇನೆ ಎಂದಳು.

ಎಲ್ ಎಂದೆ. ಓ ಎಂದೆ. ಮತ್ತೆ ಎಲ್ ಎನ್ನುವಾಗ ಗಂಟಲು ಕಟ್ಟಿತು. ಮುಂದಿನ ಅಕ್ಷರ ಬಾಯಿಗೆ ಬರಲಿಲ್ಲ. ಕಣ್ಣೀರು ಸುರಿಯಿತು, ಪುಸ್ತಕಕ್ಕೆ ಬೀಳದಿರಲಿ ಎಂದು ಗೋಡೆಯ ಕಡೆ ತಿರುಗಿ ನಿಂತೆ.

ಉಳಿದ ಅಕ್ಷರಗಳನ್ನು ಇಗ್ನೇಶಿಯಸ್ ಹೇಳಿ ಬರೆಸಿದ.