ಬಾಗಿಲು ಮುಚ್ಚುವಷ್ಟು ಜನ

ಯುದ್ಧ ನಡೆಯುತ್ತಿದ್ದ ದೇಶದಿಂದ ಈ ವರ್ಷ ಎಷ್ಟು ನಿರಾಶ್ರಿತರನ್ನು ಒಳಗೆ ಬಿಟ್ಟುಕೊಳ್ಳಬೇಕು ಎಂದು ತೀರ್ಮಾನಿಸಲು ಸಮಿತಿ ಹನ್ನೊಂದು ದಿನದಿಂದ ಕೂತಿತ್ತು. ಒಬ್ಬರು ಐದು ಸಾವಿರ ಎಂದರೆ ಇನ್ನೊಬ್ಬರು ಲಕ್ಷ ಎನ್ನುತ್ತಿದ್ದರು. ನಾನು ಆ ಕಚೇರಿಯಲ್ಲಿ ಚಹಾ ಮಾಡುವವಳು. ಸಭೆಯ ಕೋಣೆಗೂ ನನ್ನ ಅಡುಗೆಕೋಣೆಗೂ ನಡುವೆ ಒಂದು ತಟ್ಟೆ ಹಿಡಿಸುವಷ್ಟು ಕಿಟಕಿ ಇತ್ತು. ಅದರಿಂದ ಕಿವಿಗೆ ಬಿದ್ದದ್ದನ್ನು ಕಸ ಗುಡಿಸುವ ಅಕ್ಕನಿಗೆ ಹೇಳುತ್ತಿದ್ದೆ.

ಅಕ್ಕ ಹನ್ನೆರಡು ವರ್ಷದ ಹಿಂದೆ ಆ ದೇಶದಿಂದಲೇ ಬಂದವಳು. ಅವಳ ತಂಗಿ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಗಡಿಯಾಚೆ ಡೇರೆಯಲ್ಲಿದ್ದಳು. ಒಳಗೆ ಬರಲು ಕಾದವರ ಪಟ್ಟಿಯಲ್ಲಿ ಅವರ ನಂಬರು ನಲವತ್ತೆರಡು ಸಾವಿರದ ಆರುನೂರ ಹನ್ನೊಂದು. ಸಮಿತಿ ನಲವತ್ತಮೂರು ಸಾವಿರ ಎಂದರೆ ತಂಗಿ ಬಂದಂತೆಯೇ.

“ಎಲ್ಲಿಗೆ ಬಂತೇ?” ಎಂದು ದಿನಾ ಕೇಳುತ್ತಿದ್ದಳು.

“ಇವತ್ತು ಬಿಸ್ಕತ್ತು ಮೆತ್ತಗಾಗಿದೆ ಅನ್ನೋ ತನಕ ಬಂತು ಅಕ್ಕಾ.”

ಹನ್ನೆರಡನೆಯ ದಿನ ಅಧ್ಯಕ್ಷರು ಮೇಜು ಗುದ್ದಿದರು. ಅವರು ಮೊದಲು ಬಸ್ ಡಿಪೋ ನೋಡಿಕೊಂಡಿದ್ದವರು. ಹೊಸ ಬಸ್ಸಿನಲ್ಲಿ ಎಷ್ಟು ಜನ ಹಿಡಿಸುತ್ತಾರೆ ಎಂದು ತಿಳಿಯಲು ಡಿಪೋದವರನ್ನೆಲ್ಲ ಹತ್ತಿಸಿ, ಬಾಗಿಲು ಮುಚ್ಚಿದ ಮೇಲೆಯೇ ಬರೆಸುತ್ತಿದ್ದರು.

“ಈ ಕೋಣೆಯೇ ದೇಶ ಅಂದ್ಕೊಳ್ಳಿ. ಒಬ್ಬರು ನಿಂತರೆ ಸಾವಿರ. ಬಾಗಿಲು ಮುಚ್ಚಬೇಕು, ಅಷ್ಟೇ.”

“ನಾವು?” ಎಂದರು, ಸದಾ ಕರವಸ್ತ್ರದಲ್ಲಿ ಮುಖ ಒರೆಸಿಕೊಳ್ಳುವ ಸದಸ್ಯರು.

“ನಾವು ದೇಶದವರು. ಕೂತೇ ಇರ್ತೀವಿ.”

“ಈ ಬೀರುಗಳು?”

“ಅವೂ ದೇಶದವೇ.”

ಗುಮಾಸ್ತರು, ಡ್ರೈವರುಗಳು, ಟೈಪಿಸ್ಟಮ್ಮ ಎಲ್ಲ ಬಂದು ತುಂಬಿದರು. ಮೂವತ್ತಕ್ಕೇ ಕಿಟಕಿಯ ಗಾಜು ಬೆವರಿತು.

“ನನ್ನ ಕಾಲ ಮೇಲೆ ಯಾರಪ್ಪಾ ನಿಂತಿರೋದು?” ಎಂದು ಟೈಪಿಸ್ಟಮ್ಮ ಕಿರುಚಿದರು.

“ಸಾವಿರ ಜನ ನಿಂತಿದ್ದೀವಿ ಮೇಡಂ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ,” ಎಂದ ಒಬ್ಬ ಡ್ರೈವರು.

ನಲವತ್ತೆರಡನೆಯವನಾಗಿ ಕಾವಲುಗಾರ ಒಳಗೆ ಹೋದ.

“ಸಾಕು! ಎಳ್ಳು ಹಾಕಿದ್ರೂ ಕೆಳಗೆ ಬೀಳಲ್ಲ!” ಎಂದರು ಕರವಸ್ತ್ರದವರು.

ಬಾಗಿಲ ಹೊರಗಿದ್ದ ಅಕ್ಕ ಪೊರಕೆಯನ್ನು ಗೋಡೆಗೆ ಒರಗಿಸಿ, ಚಹಾ ತಂದು ನಿಂತಿದ್ದ ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದೆ. ಅವಳು ಹೊಟ್ಟೆ ಒಳಗೆಳೆದುಕೊಂಡು ಅಡ್ಡಡ್ಡವಾಗಿ ನುಸುಳಿದಳು. ಬಾಗಿಲು ಒಳಮುಖವಾಗಿ ತೆರೆಯುವಂಥದ್ದು. ಚಹಾದ ತಟ್ಟೆ ಕೆಳಗಿಟ್ಟು, ಹಿಡಿಕೆ ಹಿಡಿದು, ಗೋಡೆಗೆ ಕಾಲು ಕೊಟ್ಟು ಹೊರಗಿನಿಂದ ಎಳೆದೆ. ಬಾಗಿಲು ಟಕ್ಕೆಂದು ಕೂತಿತು.

“ನಲವತ್ತಮೂರು ಸಾರ್,” ಎಂದ ಗುಮಾಸ್ತನ ದನಿ ಕೇಳಿತು.

“ಬರ್ಕೊಳ್ಳಿ. ಚಹಾ ಕುಡಿದು ಸಹಿ ಹಾಕ್ತೀನಿ. ಎಲ್ಲಿ ಚಹಾ?”

ಚಹಾ ನನ್ನ ಕಾಲ ಬುಡದಲ್ಲಿತ್ತು.

“ಚಹಾದ ಹುಡುಗಿ ಬರೋಕೆ ಜಾಗ ಬೇಕಲ್ಲ, ಒಬ್ಬರನ್ನ ಇಳಿಸಿ,” ಎಂದರು ಕರವಸ್ತ್ರದವರು. “ನಲವತ್ತೆರಡು ಅಂತ ತಿದ್ದಿದ್ರಾಯ್ತು. ಸಾವಿರ ಹೆಚ್ಚುಕಮ್ಮಿ ಏನು ಮಹಾ!”

“ಸರಿ, ಕೊನೇಲಿ ಹತ್ತಿದವರು ಇಳೀಲಿ,” ಎಂದರು ಅಧ್ಯಕ್ಷರು.

ಎರಡು ವರ್ಷದಲ್ಲಿ ಆ ಕಚೇರಿಯವರ ಮುಂದೆ ನಾನು ‘ಹೂಂ ಸಾರ್’ ಬಿಟ್ಟು ಬೇರೆ ಮಾತು ಆಡಿರಲಿಲ್ಲ. ತಟ್ಟೆ ಎತ್ತಿಕೊಂಡು ಅಡುಗೆಕೋಣೆಗೆ ಓಡಿ, ಕಿಟಕಿ ತೆರೆದು ಕೂಗಿದೆ.

“ಸಾರ್, ಚಹಾ ಇಲ್ಲಿಂದ ಬರುತ್ತೆ! ಯಾರೂ ಇಳಿಯೋದು ಬೇಡ!”

ಲೋಟ ತಲೆಗಳ ಮೇಲೆ ಕೈಯಿಂದ ಕೈಗೆ ಹೋಯಿತು. ಬಾಗಿಲ ಬಳಿ ಅಕ್ಕನ ತಲೆವಸ್ತ್ರದ ತುದಿಯಷ್ಟೇ ಕಾಣುತ್ತಿತ್ತು.

ಅಧ್ಯಕ್ಷರು ಒಂದು ಗುಟುಕು ಕುಡಿದರು. “ಸಕ್ಕರೆ ಕಮ್ಮಿ,” ಎಂದರು. ಇನ್ನೊಂದು ಗುಟುಕು ಕುಡಿದು ಸಹಿ ಹಾಕಿದರು.

ಖಾಲಿ ಲೋಟದ ಜೊತೆ ಫೈಲೂ ಚಹಾ ಹೋದ ದಾರಿಯಲ್ಲೇ ನನ್ನ ಕೈಗೆ ಬಂತು. “ರವಾನೆ ವಿಭಾಗಕ್ಕೆ ಕೊಡಮ್ಮ. ಮುದ್ರೆ ಬಿದ್ರೆ ಮುಗೀತು.”

ಅಷ್ಟರಲ್ಲಿ ಒಳಗೆ ಯಾರೋ ಬಾಗಿಲು ಎಳೆದರು. ಅದು ಅಲುಗಲಿಲ್ಲ. ತೆರೆಯಬೇಕಾದರೆ ಹಿಂದೆ ಒಂದಾಳಿನ ಜಾಗ ಬೇಕಿತ್ತು.

“ಏ ಹುಡುಗೀ, ಫೈಲು ಆಮೇಲೆ! ಬಡಗಿಯನ್ನ ಕರಿ!”

“ಫೈಲು ಈಚೆ ಕೊಡು! ನಂಬರು ಇನ್ನೊಂದ್ಸಲ ನೋಡೋಣ!” ಎಂದು ಕರವಸ್ತ್ರದವರು ಕೈಚಾಚಿದರು.

ಎಲ್ಲರ ಹಿಂದಿನಿಂದ ಅಕ್ಕನ ದನಿ ಬಂತು. “ಓಡೇ ಪುಟ್ಟೀ! ನಾವಿಲ್ಲಿ ಆರಾಮಾಗಿದ್ದೀವಿ!”

ಕೆಳಗಿನ ಮಹಡಿಯಲ್ಲಿ ರವಾನೆಯ ಗುಮಾಸ್ತರು ನಿಧಾನಕ್ಕೆ ಕನ್ನಡಕ ಹಾಕಿಕೊಂಡು, ಮುದ್ರೆಗೆ ಶಾಯಿ ಒತ್ತಿದರು.

“ಅದೇನಮ್ಮ, ಮೇಲೆ ಬಡಿಯೋ ಸದ್ದು?”

“ಸಭೆ ನಡೀತಿದೆ ಸಾರ್.”

“ಮುಗಿಯೋ ಹಾಗೆ ಕಾಣಲ್ಲ, ಬಿಡು.”

ಮುದ್ರೆ ಬಿತ್ತು. ಅದು ಆರುವ ತನಕ ನಿಂತು ನೋಡಿ, ಬಡಗಿಯನ್ನು ಹುಡುಕಿಕೊಂಡು ಹೊರಟೆ.